ಎದೆನೋವಿಗೆ ಎಲ್ಲಿ, ಜ್ವರಕ್ಕೆ ಎಲ್ಲಿ: ಮಲೆನಾಡಿನವರು ಆಸ್ಪತ್ರೆ ಆರಿಸುವ ಮುಂಚೆ

ಆಸ್ಪತ್ರೆಗೆ ಹೋಗಬೇಕು ಅನ್ನೋದು ಗೊತ್ತಿದ್ದರೂ, ಯಾವ ಆಸ್ಪತ್ರೆಗೆ ಅನ್ನೋದರಲ್ಲೇ ನಮ್ಮ ಕಡೆ ತುಂಬಾ ಹೊತ್ತು ಕಳೆದುಹೋಗುತ್ತದೆ. "ಅಪ್ಪ ಎದೆ ಉರಿ ಅಂತಿದ್ದಾರೆ ಅಕ್ಕ, ಮೂಡಿಗೆರೆಯಲ್ಲೇ ತೋರಿಸ್ಲಾ, ಸೀದಾ ಮಂಗಳೂರಿಗೆ ಹೋಗ್ಲಾ?" "ಮಗುವಿಗೆ ಎರಡು ದಿನದಿಂದ ಜ್ವರ, ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಸಾಕಾ, ಪೇಟೆಯ ಕ್ಲಿನಿಕ್ಕಾ?" "ಅತ್ತೆಗೆ ಮಂಡಿ ಆಪರೇಷನ್ ಹೇಳಿದ್ದಾರೆ, ಹಾಸನನಾ, ಮಣಿಪಾಲನಾ?" ನಾನು ತಾಲ್ಲೂಕು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿದ್ದು ನಿವೃತ್ತಳಾದವಳು. ಹಾಗಾಗಿ ಇಂಥ ಫೋನುಗಳು ಈಗಲೂ ಬರುತ್ತವೆ.

ಎಲ್ಲರೂ ಕೇಳೋದು "ಯಾವ ಆಸ್ಪತ್ರೆ ಒಳ್ಳೆಯದು" ಅಂತ. ಇದಕ್ಕೆ ಒಂದೇ ಉತ್ತರ ಹೇಳೋಕೆ ಆಗೋದಿಲ್ಲ. ಯಾವ ಕಾಯಿಲೆಗೆ, ಯಾವ ಹೊತ್ತಿನಲ್ಲಿ, ಯಾವ ಊರಿನಿಂದ ಅಂತ ಕೇಳಿದರೆ ಹೇಳಬಹುದು. ಒಂದು ಕಾಯಿಲೆಗೆ ಮನೆ ಹತ್ತಿರದ ಸಣ್ಣ ಸರ್ಕಾರಿ ಆಸ್ಪತ್ರೆಯೇ ಜೀವ ಉಳಿಸುತ್ತದೆ. ಇನ್ನೊಂದಕ್ಕೆ ಅಲ್ಲಿ ನಿಂತರೆ ಹೊತ್ತು ವ್ಯರ್ಥ. ಇವೆರಡರ ವ್ಯತ್ಯಾಸ ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿರಬೇಕು ಅನ್ನೋ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ಏನು ನೋಡಬೇಕು

ಎಲ್ಲಕ್ಕಿಂತ ಮುಂಚೆ ಹೊತ್ತು. ಈ ಕಾಯಿಲೆ ನಿಮಿಷದ ಲೆಕ್ಕದ್ದೋ, ದಿನದ ಲೆಕ್ಕದ್ದೋ, ತಿಂಗಳ ಲೆಕ್ಕದ್ದೋ? ಹೃದಯಾಘಾತ, ಲಕ್ವ, ಹಾವು ಕಡಿತ, ವಿಷ ಕುಡಿದದ್ದು, ನಿಲ್ಲದ ರಕ್ತಸ್ರಾವ ಇವೆಲ್ಲ ನಿಮಿಷದವು. ಜ್ವರ, ವಾಂತಿಭೇದಿ ದಿನದ ಲೆಕ್ಕ. ಶುಗರ್, ಬಿಪಿ, ಮಂಡಿನೋವು ತಿಂಗಳ, ವರ್ಷದ ಲೆಕ್ಕ.

ಎರಡನೆಯದು, ಈ ಕಾಯಿಲೆಗೆ ಬೇಕಾದ ವಸ್ತು ಯಾವುದು, ಅದು ಎಲ್ಲಿದೆ ಅನ್ನೋದು. ಕೆಲವಕ್ಕೆ ಒಂದು ಇಂಜೆಕ್ಷನ್ ಸಾಕು. ಕೆಲವಕ್ಕೆ ಸಿ.ಟಿ. ಸ್ಕ್ಯಾನ್ ಬೇಕೇ ಬೇಕು. ಕೆಲವಕ್ಕೆ ಬರೀ ಒಳ್ಳೆಯ ಡಾಕ್ಟರ ಕಣ್ಣು, ಕೈ ಸಾಕು. ಕಟ್ಟಡ ದೊಡ್ಡದಿದ್ದರೆ ಎಲ್ಲವೂ ಇರುತ್ತದೆ ಅಂತ ತಿಳಿಯಬೇಡಿ.

ಮೂರನೆಯದು ದಾರಿ. ಬಯಲುಸೀಮೆಯವರಿಗೆ ಇದು ಅಷ್ಟು ದೊಡ್ಡ ವಿಷಯ ಅಲ್ಲ. ಅರಸೀಕೆರೆಯವರು ಹಾಸನಕ್ಕೆ ಒಂದೇ ಗಂಟೆಯಲ್ಲಿ ಬರುತ್ತಾರೆ. ಆದರೆ ಕಳಸದಿಂದ, ಶೃಂಗೇರಿಯಿಂದ, ಬಾಳೂರಿನ ಯಾವುದೋ ಎಸ್ಟೇಟಿನಿಂದ ರಾತ್ರಿ ಹೊರಡಬೇಕು ಅಂದರೆ ಲೆಕ್ಕವೇ ಬೇರೆ. ಮಳೆಗಾಲದಲ್ಲಿ ಚಾರ್ಮಾಡಿಯಲ್ಲಿ ಮರ ಬಿದ್ದಿದೆಯೋ, ಶಿರಾಡಿಯಲ್ಲಿ ಮಣ್ಣು ಕುಸಿದಿದೆಯೋ, ಆಗುಂಬೆಯಲ್ಲಿ ಮಂಜು ಮುಚ್ಚಿದೆಯೋ ನೋಡಿಕೊಂಡೇ ಹೊರಡಬೇಕು.

ನಾಲ್ಕನೆಯದು ದುಡ್ಡು ಮತ್ತು ಕಾರ್ಡು. ಐದನೆಯದನ್ನು ಹೆಚ್ಚಿನವರು ಮರೆಯುತ್ತಾರೆ: ಚಿಕಿತ್ಸೆ ಆದಮೇಲೆ ಮತ್ತೆ ಮತ್ತೆ ತೋರಿಸಬೇಕಲ್ವಾ, ಅಲ್ಲಿಗೆ ಹೋಗೋಕೆ ಆಗುತ್ತಾ?

ಎದೆನೋವು: ಹತ್ತಿರದ ಇಸಿಜಿಯೇ ಮೊದಲು

2025ರ ಜೂನ್‌ನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸುದ್ದಿಗಳು ದಿನವೂ ಟಿವಿಯಲ್ಲಿ ಬಂದವು. ಸತ್ತವರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು. ಜನ ಎಷ್ಟು ಹೆದರಿದರು ಅಂದರೆ ತಪಾಸಣೆಗೆ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಿಂದಲೇ ಸಾಲು ನಿಂತರು. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ಸಮಿತಿ ಮಾಡಿತು. ಹಾಸನದಲ್ಲಿ ಹೃದಯದ ಸಾವುಗಳು ಅಸಹಜವಾಗಿ ಏರಿದ್ದಕ್ಕೆ ಆಧಾರ ಇಲ್ಲ ಅಂತ ಸಮಿತಿ ಹೇಳಿತು. ಶುಗರ್, ಬಿಪಿ, ಸಿಗರೇಟು, ಮನೆತನದಲ್ಲಿ ಹೃದಯದ ಕಾಯಿಲೆ ಇವೇ ಹಳೆಯ ಕಾರಣಗಳು. ಹಾಗಂತ ನಿಶ್ಚಿಂತೆಯಿಂದ ಇರಿ ಅಂತಲ್ಲ. ಆರೋಗ್ಯವಾಗಿರುವಾಗ ಮೈಸೂರಿನ ಸಾಲಿನಲ್ಲಿ ನಿಲ್ಲುವುದಕ್ಕಿಂತ, ನೋವು ಬಂದ ದಿನ ಹತ್ತು ನಿಮಿಷದಲ್ಲಿ ಇಸಿಜಿ ಮಾಡಿಸುವುದು ಎಷ್ಟೋ ಪಾಲು ಮುಖ್ಯ.

ಗುರುತಿಸುವುದು ಹೇಗೆ? ಎದೆಯ ನಡುವೆ ಹಿಂಡಿದ ಹಾಗೆ, ಭಾರ ಇಟ್ಟ ಹಾಗೆ ನೋವು. ಎಡಗೈಗೆ, ದವಡೆಗೆ, ಬೆನ್ನಿಗೆ ಹರಡಬಹುದು. ತಣ್ಣನೆಯ ಬೆವರು, ಉಬ್ಬಸ, ವಾಕರಿಕೆ ಇರಬಹುದು. ಹೆಂಗಸರಲ್ಲಿ ಮತ್ತು ಹಳೆಯ ಶುಗರ್ ಇರುವವರಲ್ಲಿ ನೋವೇ ಇಲ್ಲದೆ ಬರೀ ಸುಸ್ತು, ಮೇಲುಸಿರು, ಹೊಟ್ಟೆಯ ಮೇಲ್ಭಾಗದಲ್ಲಿ ಸಂಕಟ ಆಗಬಹುದು. ಇಲ್ಲೇ ಎಲ್ಲರೂ ಎಡವೋದು. "ಗ್ಯಾಸ್ಟ್ರಿಕ್ ಇರಬೇಕು" ಅಂತ ಮೆಡಿಕಲ್ ಶಾಪಿನಿಂದ ಮಾತ್ರೆ ತಂದು, ಜೀರಿಗೆ ಕಷಾಯ ಕುಡಿಸಿ, ಬೆಳಗಿನವರೆಗೆ ಕಾಯುತ್ತಾರೆ. ನಲವತ್ತು ದಾಟಿದವರು, ಶುಗರ್ ಅಥವಾ ಬಿಪಿ ಇರುವವರು, ಬೀಡಿ ಸಿಗರೇಟು ಸೇದುವವರು ಹೊಸದಾಗಿ ಎದೆ ಉರಿ ಅಂದರೆ ಇಸಿಜಿ ಆಗುವ ತನಕ ಅದನ್ನು ಗ್ಯಾಸ್ಟ್ರಿಕ್ ಅನ್ನಬೇಡಿ.

ಈಗ ಆಯ್ಕೆಗಳು. ದೊಡ್ಡ ಆಸ್ಪತ್ರೆಯಲ್ಲಿ ಕ್ಯಾತ್ ಲ್ಯಾಬ್ ಇರುತ್ತದೆ. ಅಲ್ಲಿ ಆಂಜಿಯೋಪ್ಲಾಸ್ಟಿ ಮಾಡಿ, ಸ್ಟೆಂಟ್ ಹಾಕಿ, ಮುಚ್ಚಿದ ರಕ್ತನಾಳ ತೆರೆಯುತ್ತಾರೆ. ಇದು ಅತ್ಯುತ್ತಮ ಚಿಕಿತ್ಸೆ ನಿಜ. ಆದರೆ ಎರಡು ಗಂಟೆಯೊಳಗೆ ಆಗುವಂತಿದ್ದರೆ ಮಾತ್ರ ಅದಕ್ಕಾಗಿ ಕಾಯಬಹುದು. ಇಲ್ಲದಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಮೊದಲು ಕೊಟ್ಟು ಆಮೇಲೆ ಕಳುಹಿಸುವುದೇ ಸರಿಯಾದ ಕ್ರಮ. ಮೂಡಿಗೆರೆಯಿಂದ ಚಾರ್ಮಾಡಿ ಇಳಿದು ಮಂಗಳೂರು ಮುಟ್ಟೋಕೆ ಎರಡೂವರೆ, ಮೂರು ಗಂಟೆ ಬೇಕು. ಅಷ್ಟು ಹೊತ್ತು ಹೃದಯದ ಸ್ನಾಯು ರಕ್ತ ಇಲ್ಲದೆ ಸಾಯುತ್ತಾ ಇರುತ್ತದೆ.

ಪುನೀತ್ ರಾಜಕುಮಾರ್ ಹೃದಯ ಜ್ಯೋತಿ ಯೋಜನೆ ಬಂದಿರುವುದು ಇದಕ್ಕೇ. ತಾಲ್ಲೂಕು, ಜಿಲ್ಲಾ ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ಜಯದೇವದಂಥ ಕೇಂದ್ರದ ಹೃದಯ ತಜ್ಞರಿಗೆ ಕಳುಹಿಸುತ್ತಾರೆ. ಅವರು ಹೌದು ಅಂದರೆ ಟೆನೆಕ್ಟೆಪ್ಲೇಸ್ ಅನ್ನುವ ಇಂಜೆಕ್ಷನ್ ಅಲ್ಲೇ ಕೊಡುತ್ತಾರೆ. ಹೊರಗೆ ಹತ್ತಾರು ಸಾವಿರ ರೂಪಾಯಿ ಆಗುವ ಈ ಔಷಧಿ ಯೋಜನೆಯಲ್ಲಿ ಉಚಿತ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಈ ವ್ಯವಸ್ಥೆ ಇದೆಯಾ ಅಂತ ಇವತ್ತೇ ವಿಚಾರಿಸಿಟ್ಟುಕೊಳ್ಳಿ. ನೋವು ಬಂದ ರಾತ್ರಿ ಕೇಳುತ್ತಾ ಕೂರಬಾರದು.

ಇಂಜೆಕ್ಷನ್‌ಗೂ ಮಿತಿಗಳಿವೆ. ಎಲ್ಲರಿಗೂ ಹೆಪ್ಪು ಪೂರ್ತಿ ಕರಗುವುದಿಲ್ಲ. ಇತ್ತೀಚೆಗೆ ಆಪರೇಷನ್ ಆದವರಿಗೆ, ಮೆದುಳಿನಲ್ಲಿ ರಕ್ತಸ್ರಾವ ಆಗಿದ್ದವರಿಗೆ ಕೊಡುವಂತಿಲ್ಲ. ಕೊಟ್ಟ ಮೇಲೂ ಒಂದು ದಿನದೊಳಗೆ ಆಂಜಿಯೋಗ್ರಾಂ ಮಾಡುವ ಆಸ್ಪತ್ರೆಗೆ ಹೋಗಲೇಬೇಕು. "ನೋವು ಕಮ್ಮಿ ಆಯ್ತು, ಮನೆಗೆ ಹೋಗೋಣ" ಅನ್ನುವ ಹಾಗಿಲ್ಲ. ಹಾಸನ ಪಟ್ಟಣದ ಹತ್ತಿರ ಇರುವವರ ಲೆಕ್ಕ ಬೇರೆ. ಅರ್ಧ ಗಂಟೆಯಲ್ಲಿ ಕ್ಯಾತ್ ಲ್ಯಾಬ್ ಇರುವ ಆಸ್ಪತ್ರೆ ಸಿಗುತ್ತದೆ ಅಂತ ಖಾತ್ರಿ ಇದ್ದರೆ ನೇರ ಅಲ್ಲಿಗೇ ಹೋಗಿ.

ಇನ್ನೊಂದು ಮಾತು. ಮೊದಲ ಇಸಿಜಿ ನಾರ್ಮಲ್ ಬಂದರೂ ನೋವು ಇದ್ದರೆ ಅಲ್ಲೇ ಇರಿ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಇಸಿಜಿ, ಹೃದಯಕ್ಕೆ ಪೆಟ್ಟಾಗಿದೆಯಾ ಅಂತ ತೋರಿಸುವ ಟ್ರೋಪೋನಿನ್ ರಕ್ತಪರೀಕ್ಷೆ ಮಾಡಿಸಿ ಅಂತ ಕೇಳಿ. ಕೇಳೋದು ತಪ್ಪಲ್ಲ. ಕಾಯಿಲೆಯವರನ್ನು ನಡೆಸಬೇಡಿ, ಬೈಕಿನ ಹಿಂದೆ ಕೂರಿಸಬೇಡಿ.

ಲಕ್ವ: ಇಲ್ಲಿ ಹತ್ತಿರದ್ದಕ್ಕಿಂತ ಸಿ.ಟಿ. ಇರುವುದು ಮುಖ್ಯ

ಬಾಯಿ ಒಂದು ಕಡೆ ಸೊಟ್ಟ ಆಗಿದೆ, ಒಂದು ಕೈ ಎತ್ತೋಕೆ ಆಗುತ್ತಿಲ್ಲ, ಮಾತು ತೊದಲುತ್ತಿದೆ. ಇವುಗಳಲ್ಲಿ ಒಂದು ಇದ್ದಕ್ಕಿದ್ದಂತೆ ಕಂಡರೂ ಲಕ್ವ ಅಂತಲೇ ತಿಳಿಯಿರಿ. ಹೃದಯಾಘಾತದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಮೆದುಳಿನ ರಕ್ತನಾಳ ಮುಚ್ಚಿದ್ದೋ, ಒಡೆದದ್ದೋ ಅಂತ ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಮುಚ್ಚಿದ್ದಕ್ಕೆ ಹೆಪ್ಪು ಕರಗಿಸುವ ಔಷಧಿ, ಒಡೆದದ್ದಕ್ಕೆ ಅದೇ ಔಷಧಿ ಪ್ರಾಣಾಪಾಯ. ಹಾಗಾಗಿ ಸಿ.ಟಿ. ಆಗದೆ ಯಾರೂ ಇಂಜೆಕ್ಷನ್ ಕೊಡುವಂತಿಲ್ಲ. ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಟ್ಟರೆ ಮಾತ್ರ ಉಪಯೋಗ. ಸ್ಕ್ಯಾನಿಗೂ ಓದಿಸೋದಕ್ಕೂ ಒಂದು ಗಂಟೆ ಬೇಕು ಅಂದುಕೊಳ್ಳಿ. ಉಳಿಯೋದು ಮೂರೂವರೆ ಗಂಟೆ.

ಹಾಗಾಗಿ ಸಿ.ಟಿ. ಇಲ್ಲದ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡು ರಾತ್ರಿ ಕಳೆಯಬೇಡಿ. ಚಿಕ್ಕಮಗಳೂರಿನ ಮಲ್ಲೇಗೌಡ ಜಿಲ್ಲಾ ಆಸ್ಪತ್ರೆ, ಹಾಸನದ ಹಿಮ್ಸ್ (ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ), ಇಲ್ಲವೇ ಸಿ.ಟಿ. ಇರುವ ಖಾಸಗಿ ಆಸ್ಪತ್ರೆ, ಯಾವುದು ಬೇಗ ಸಿಗುತ್ತದೋ ಅದಕ್ಕೆ ನೇರ ಹೋಗಿ. ಹೊರಡುವ ಮುಂಚೆ ಫೋನ್ ಮಾಡಿ, ಈಗ ಸ್ಕ್ಯಾನ್ ನಡೆಯುತ್ತಾ, ಲಕ್ವದ ಇಂಜೆಕ್ಷನ್ ಕೊಡುತ್ತಾರಾ ಅಂತ ಕೇಳಿ. ಶೃಂಗೇರಿ, ಕೊಪ್ಪ ಕಡೆಯವರಿಗೆ ಎಷ್ಟೋ ಸಲ ಚಿಕ್ಕಮಗಳೂರಿಗಿಂತ ಮಣಿಪಾಲ ಅಥವಾ ಶಿವಮೊಗ್ಗವೇ ಸರಿಹೋಗುತ್ತದೆ. ಜಿಲ್ಲೆಯ ಗಡಿ ನೋಡಬೇಡಿ. ಪ್ರಜ್ಞೆ ಇಲ್ಲ, ಉಸಿರಾಟ ಸರಿ ಇಲ್ಲ ಅಂದರೆ ಮಾತ್ರ ದಾರಿಯಲ್ಲಿ ಸಿಗುವ ಮೊದಲ ಆಸ್ಪತ್ರೆಯಲ್ಲಿ ನಿಲ್ಲಿಸಿ.

ಎರಡು ವಿಷಯ ನೆನಪಿರಲಿ. ಅವರು ಕೊನೆಯ ಸಲ ಸರಿಯಾಗಿದ್ದುದನ್ನು ನೋಡಿದ್ದು ಎಷ್ಟು ಗಂಟೆಗೆ ಅಂತ ಬರೆದುಕೊಳ್ಳಿ, ಡಾಕ್ಟರು ಮೊದಲು ಕೇಳೋದೇ ಅದು. ಬಾಯಿಗೆ ನೀರು, ಕಾಫಿ, ಮಾತ್ರೆ ಏನೂ ಹಾಕಬೇಡಿ. ನುಂಗೋಕೆ ಆಗದೆ ಶ್ವಾಸಕೋಶಕ್ಕೆ ಹೋಗುತ್ತದೆ.

ಹಾವು ಕಡಿತ

ಇದರಲ್ಲಿ ಸರ್ಕಾರಿ ಆಸ್ಪತ್ರೆಗೆ ಸಮಾನ ಇನ್ನೊಂದಿಲ್ಲ. ಹಾವಿನ ವಿಷಕ್ಕೆ ಮದ್ದು ಎ.ಎಸ್.ವಿ. ಅನ್ನುವ ಪ್ರತಿವಿಷದ ಇಂಜೆಕ್ಷನ್ ಒಂದೇ. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಸಾಮಾನ್ಯವಾಗಿ ಮೊದಲೇ ಹತ್ತು ಬಾಟಲಿ ಬೇಕಾಗುತ್ತದೆ. ಖಾಸಗಿಯಲ್ಲಿ ಅಷ್ಟಕ್ಕೆ ಎಷ್ಟಾಗುತ್ತದೆ ಅಂತ ನೀವೇ ಲೆಕ್ಕ ಹಾಕಿ. 2024ರಿಂದ ಕರ್ನಾಟಕದಲ್ಲಿ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ಆರೋಗ್ಯ ಇಲಾಖೆಗೆ ತಿಳಿಸಲೇಬೇಕು.

ನಾಟಿ ಔಷಧಿ ಕೊಡುವವರ ಬಗ್ಗೆ ನನಗೆ ಅಗೌರವ ಇಲ್ಲ. ಆದರೆ ಹಾವಿನ ವಿಷಯದಲ್ಲಿ ದಯವಿಟ್ಟು ಅಲ್ಲಿಗೆ ಹೋಗಬೇಡಿ. "ಅವರು ಕೊಟ್ಟ ಬೇರಿನಿಂದ ವಾಸಿ ಆಯ್ತು" ಅನ್ನೋರನ್ನು ಕಡಿದ ಹಾವು ಹೆಚ್ಚಾಗಿ ವಿಷ ಇಲ್ಲದ್ದು, ಇಲ್ಲವೇ ವಿಷ ಬಿಡದೆ ಕಡಿದದ್ದು. ಹಗ್ಗ ಬಿಗಿಯಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ. ಉಂಗುರ, ಕಾಲುಂಗುರ, ಗೆಜ್ಜೆ ತೆಗೆಯಿರಿ. ಕಡಿದ ಕೈ ಅಥವಾ ಕಾಲು ಅಲ್ಲಾಡದ ಹಾಗೆ ದಬ್ಬೆ ಕಟ್ಟಿ ಎತ್ತಿಕೊಂಡು ಹೋಗಿ. ಹಾವು ಹಿಡಿಯೋಕೆ ಹೋಗಬೇಡಿ.

ಕಟ್ಟುಹಾವಿನ ವಿಷಯ ಹೇಳಲೇಬೇಕು. ಅದು ರಾತ್ರಿ ನೆಲದಲ್ಲಿ ಮಲಗಿದವರನ್ನು ಕಡಿಯುತ್ತದೆ. ನೋವು, ಊತ ಏನೂ ಇರೋದಿಲ್ಲ. ಬೆಳಗ್ಗೆ ಎದ್ದಾಗ ಹೊಟ್ಟೆನೋವು, ಕಣ್ಣಿನ ರೆಪ್ಪೆ ಜೋಲು, ನುಂಗೋಕೆ ಕಷ್ಟ. ತೋಟದ ಕೂಲಿಯವರ ಲೈನ್ ಮನೆಗಳಲ್ಲಿ ನೆಲದಲ್ಲಿ ಮಲಗುವವರಿಗೆ ಹೀಗಾದರೆ ಕಡಿತದ ಗುರುತು ಹುಡುಕುತ್ತಾ ಕೂರಬೇಡಿ.

ಕಾಫಿ ತೋಟದಲ್ಲಿ ಸಿಗುವ ಗುಳಿಮಂಡಲಗಳ ಕಡಿತಕ್ಕೆ ನಮ್ಮ ಎ.ಎಸ್.ವಿ. ಕೆಲಸ ಮಾಡುವುದಿಲ್ಲ. ಅದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ ಮಾಡಿದ್ದು. ಆದರೂ ಆಸ್ಪತ್ರೆಯೇ ಸರಿ. ಕೆಲವು ಗುಳಿಮಂಡಲದ ಕಡಿತದಿಂದ ಕಿಡ್ನಿಗೆ ಪೆಟ್ಟು ಬೀಳುತ್ತದೆ, ರಕ್ತ ಹೆಪ್ಪುಗಟ್ಟುವುದಿಲ್ಲ. ರಕ್ತವನ್ನು ಗಾಜಿನ ಕೊಳವೆಯಲ್ಲಿ ಇಪ್ಪತ್ತು ನಿಮಿಷ ಇಟ್ಟು ಹೆಪ್ಪುಗಟ್ಟುತ್ತಾ ಅಂತ ನೋಡುವ ಪರೀಕ್ಷೆ ಸಣ್ಣ ಆಸ್ಪತ್ರೆಯಲ್ಲೂ ಮಾಡುತ್ತಾರೆ. ಒಂದು ದಿನವಾದರೂ ಅಲ್ಲೇ ಇರಿ. ಮೂತ್ರ ಕಡಿಮೆ ಆದರೆ ಡಯಾಲಿಸಿಸ್ ಇರುವ ಕಡೆಗೆ ಕಳುಹಿಸುತ್ತಾರೆ, ತಡ ಮಾಡದೆ ಹೋಗಿ.

ನಾಯಿ ಕಡಿತಕ್ಕೂ ಸರ್ಕಾರಿಯದೇ ಸರಿ. ಹದಿನೈದು ನಿಮಿಷ ಸೋಪು ನೀರಿನಲ್ಲಿ ಗಾಯ ತೊಳೆದು, ಅವತ್ತೇ ಲಸಿಕೆ ಶುರು ಮಾಡಿಸಿ. ರಕ್ತ ಬಂದಿದ್ದರೆ ಗಾಯದ ಸುತ್ತ ಕೊಡುವ ಇಮ್ಯುನೋಗ್ಲೋಬುಲಿನ್ ಕೂಡ ಬೇಕು, ಕೇಳಿ ಹಾಕಿಸಿಕೊಳ್ಳಿ.

ಜ್ವರ: ಇಲ್ಲೇ ಜಾಸ್ತಿ ಗೊಂದಲ

ಜ್ವರಕ್ಕೆ ಮೂರು ದಾರಿ ಇವೆ. ಮೆಡಿಕಲ್ ಶಾಪು, ಪೇಟೆಯ ಕ್ಲಿನಿಕ್ಕು, ಪಿಎಚ್‌ಸಿ.

ಮೆಡಿಕಲ್ ಶಾಪು ಹತ್ತಿರ, ಫೀಸಿಲ್ಲ, ಸಾಲಿಲ್ಲ. ಮೊದಲ ದಿನ ಪ್ಯಾರಾಸಿಟಮಾಲ್ ತೆಗೆದುಕೊಳ್ಳೋಕೆ ಅಷ್ಟು ಸಾಕು. ಆರು ಗಂಟೆಗೊಂದರಂತೆ, ಊಟ ನೀರು ಸರಿಯಾಗಿ ಕೊಟ್ಟು ನೋಡಬಹುದು. ಆದರೆ ಅಲ್ಲಿ ಕೊಡುವ ನಾಲ್ಕೈದು ಮಾತ್ರೆಯ ಸೆಟ್ ಇದೆಯಲ್ಲ, ಅದು ಬೇಡ. ಅದರಲ್ಲಿ ನೋವಿಗೆ ಅಂತ ಡೈಕ್ಲೋಫೆನಾಕ್, ಐಬುಪ್ರೊಫೇನ್ ಸೇರಿರುತ್ತದೆ. ಡೆಂಗಿಯಲ್ಲಿ, ಮಂಗನ ಕಾಯಿಲೆಯಲ್ಲಿ ಇವು ರಕ್ತಸ್ರಾವ ಜಾಸ್ತಿ ಮಾಡುತ್ತವೆ. ಮೂರು ತಿಂಗಳಿಗಿಂತ ಚಿಕ್ಕ ಮಗುವಿಗೆ ಜ್ವರ ಬಂದರೆ ಒಂದು ದಿನವೂ ಕಾಯಬಾರದು, ಅವತ್ತೇ ಡಾಕ್ಟರು ನೋಡಬೇಕು.

ಕ್ಲಿನಿಕ್ಕಿನ ದೊಡ್ಡ ಅನುಕೂಲ ಸಂಜೆ ಹೊತ್ತು. ತೋಟದ ಕೆಲಸ ಮುಗಿಸಿ ಹೋಗಬಹುದು. ಪಿಎಚ್‌ಸಿಗೆ ಹೋದರೆ ಒಂದು ದಿನದ ಕೂಲಿ ಹೋಗುತ್ತದೆ. ಹಾಗಾಗಿ "ಸರ್ಕಾರಿ ಆಸ್ಪತ್ರೆ ಪುಕ್ಕಟೆ" ಅನ್ನೋ ಮಾತು ಕೂಲಿಯವರಿಗೆ ಪೂರ್ತಿ ನಿಜ ಅಲ್ಲ. ಇದನ್ನು ಒಪ್ಪಲೇಬೇಕು. ವರ್ಷಗಟ್ಟಲೆ ನಿಮ್ಮ ಮನೆಯವರನ್ನೆಲ್ಲ ನೋಡಿದ ಡಾಕ್ಟರು ಇದ್ದರೆ ಅದೂ ದೊಡ್ಡ ಲಾಭ. ಆದರೆ ಹೋದ ತಕ್ಷಣ ಸೊಂಟಕ್ಕೊಂದು ಇಂಜೆಕ್ಷನ್, ಒಂದು ಬಾಟಲಿ ಗ್ಲೂಕೋಸ್ ಅಂತ ಹೊರಟರೆ "ಅದು ಏನು ಇಂಜೆಕ್ಷನ್" ಅಂತ ಕೇಳಿ. ಗ್ಲೂಕೋಸ್ ಬಾಟಲಿಯಿಂದ ಜ್ವರ ಹೋಗುವುದಿಲ್ಲ. ಬಾಯಲ್ಲಿ ಕುಡಿಯೋಕೆ ಆಗುವವರಿಗೆ ಗಂಜಿ, ಎಳನೀರು, ಒ.ಆರ್.ಎಸ್. ಸಾಕು.

ನಮ್ಮ ಕಡೆ ಕೆಲವು ಜ್ವರಗಳಿಗೆ ಪಿಎಚ್‌ಸಿಯೇ ಮೇಲು. ಯಾಕೆ ಅಂತ ಬಿಡಿಸಿ ಹೇಳುತ್ತೇನೆ.

ಮಂಗನ ಕಾಯಿಲೆ 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗೊತ್ತಾದದ್ದು. ಈಗ ನಮ್ಮ ಕೊಪ್ಪ, ನರಸಿಂಹರಾಜಪುರ, ಶೃಂಗೇರಿ ಕಡೆಯೂ ಕಾಣಿಸಿಕೊಳ್ಳುತ್ತದೆ. ಉಣುಗು (ಉಣ್ಣೆ) ಕಚ್ಚುವುದರಿಂದ ಬರುತ್ತದೆ, ಹೆಚ್ಚಾಗಿ ಡಿಸೆಂಬರ್‌ನಿಂದ ಮೇ ತನಕ. ತಟ್ಟನೆ ಜೋರು ಜ್ವರ, ತಲೆಸಿಡಿತ, ಸೊಂಟ ಕಾಲು ಮುರಿದ ಹಾಗೆ ನೋವು, ವಾಂತಿ. ಕೆಲವರಿಗೆ ವಸಡಿನಲ್ಲಿ, ಮೂಗಿನಲ್ಲಿ ರಕ್ತ. ಜ್ವರ ಬಿಟ್ಟು ಒಂದೆರಡು ವಾರದ ಮೇಲೆ ಮತ್ತೆ ಬಂದು ಮೆದುಳಿಗೆ ಏರುವುದೂ ಉಂಟು. ಇದಕ್ಕೇ ಅಂತ ಔಷಧಿ ಇಲ್ಲ, ಆದರೆ ಬೇಗ ಸೇರಿಸಿಕೊಂಡು ನೋಡಿಕೊಂಡರೆ ಹೆಚ್ಚಿನವರು ಉಳಿಯುತ್ತಾರೆ. ಇದರ ರಕ್ತಪರೀಕ್ಷೆ ನಡೆಯುವುದು ಸರ್ಕಾರಿ ವ್ಯವಸ್ಥೆಯಲ್ಲಿ. ಪಿಎಚ್‌ಸಿಯಿಂದ ಮಾದರಿ ಕಳುಹಿಸುತ್ತಾರೆ. ಸಾಮಾನ್ಯ ಕ್ಲಿನಿಕ್ಕಿನಲ್ಲಿ ಇದು ಆಗುವುದಿಲ್ಲ. ಸೌದೆಗೆ, ದರಕಿಗೆ (ಒಣ ಎಲೆಗೆ) ಕಾಡಿಗೆ ಹೋಗಿದ್ದರೆ, ಹತ್ತಿರದಲ್ಲಿ ಮಂಗ ಸತ್ತಿದ್ದರೆ ಕೇಳುವ ಮುಂಚೆ ನೀವೇ ಹೇಳಿ. ಕಾಡಿಗೆ ಹೋಗುವವರಿಗೆ ಉಣುಗು ಕಚ್ಚದ ಹಾಗೆ ಮೈಗೆ ಹಚ್ಚಿಕೊಳ್ಳುವ ಡೇಪಾ ಎಣ್ಣೆಯನ್ನು ಆರೋಗ್ಯ ಇಲಾಖೆಯವರೇ ಕೊಡುತ್ತಾರೆ, ಆಶಾ ಕಾರ್ಯಕರ್ತೆಯನ್ನು ಕೇಳಿ.

ಇಲಿ ಜ್ವರ ಮಳೆಗಾಲದ್ದು. ಗದ್ದೆ, ಅಡಿಕೆ ತೋಟದ ಕೆಸರಿನಲ್ಲಿ ಬರಿಗಾಲಲ್ಲಿ ಕೆಲಸ ಮಾಡುವವರಿಗೆ ಬರುತ್ತದೆ. ಕಣ್ಣು ಕೆಂಪು, ಮೀನಖಂಡ ಮುಟ್ಟೋಕಾಗದಷ್ಟು ನೋವು. ಬಿಟ್ಟರೆ ಕಾಮಾಲೆ, ಮೂತ್ರ ನಿಲ್ಲುವುದು. ಶುರುವಿನಲ್ಲೇ ಗುರುತಿಸಿದರೆ ಡಾಕ್ಸಿಸೈಕ್ಲಿನ್‌ನಂಥ ಕಡಿಮೆ ಬೆಲೆಯ ಮಾತ್ರೆಯಲ್ಲೇ ಮುಗಿಯುತ್ತದೆ. ತಡವಾದರೆ ಐಸಿಯು. ಮಂಗಳೂರು, ಮಣಿಪಾಲದ ದೊಡ್ಡ ಬಿಲ್ಲುಗಳಲ್ಲಿ ಎಷ್ಟೋ ಹೀಗೆ ತಡವಾದವೇ.

ಡೆಂಗಿಯಲ್ಲಿ ಮೊದಲ ಐದು ದಿನದೊಳಗೆ ಎನ್‌ಎಸ್‌1 ಪರೀಕ್ಷೆ ಉಪಯೋಗಕ್ಕೆ ಬರುತ್ತದೆ. ಇದರ ಅಪಾಯದ ಹೊತ್ತು ಜ್ವರ ಇಳಿಯುವ ದಿನ. ಮೈ ತಣ್ಣಗಾಯ್ತು ಅಂತ ಮನೆಯವರು ನೆಮ್ಮದಿಯಾಗಿರುವಾಗಲೇ ಬಿಪಿ ಕುಸಿಯಬಹುದು. ತಡೆಯಲಾರದ ಹೊಟ್ಟೆನೋವು, ನಿಲ್ಲದ ವಾಂತಿ, ಕಪ್ಪು ಮಲ, ವಸಡಿನಲ್ಲಿ ರಕ್ತ, ತೂಕಡಿಕೆ, ಮೂತ್ರ ಕಡಿಮೆ ಆಗುವುದು ಕಂಡರೆ ಕ್ಲಿನಿಕ್ಕು, ಪಿಎಚ್‌ಸಿ ಎರಡನ್ನೂ ಬಿಟ್ಟು ಹಾಸಿಗೆ, ಲ್ಯಾಬು ಇರುವ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಹೋಗಿ. ಪ್ಲೇಟ್‌ಲೆಟ್ ಸಂಖ್ಯೆ ಒಂದನ್ನೇ ನೋಡಿ ಮಂಗಳೂರಿಗೆ ಓಡುವ ಅಗತ್ಯ ಇಲ್ಲ. ರಕ್ತಸ್ರಾವ ಇಲ್ಲ, ಬಿಪಿ ಸರಿ ಇದೆ, ನೀರು ಕುಡಿಯುತ್ತಿದ್ದಾರೆ ಅಂದರೆ ಇಲ್ಲೇ ದಿನವೂ ರಕ್ತ ನೋಡಿಕೊಂಡು ಇರಬಹುದು.

ಒಟ್ಟಿನಲ್ಲಿ ನನ್ನ ಲೆಕ್ಕ ಹೀಗಿದೆ. ನೆಗಡಿ ಕೆಮ್ಮಿನ ಜೊತೆಯ ಜ್ವರಕ್ಕೆ ಮನೆ ಅಥವಾ ಕ್ಲಿನಿಕ್ಕು. ಮೂರು ದಿನ ದಾಟಿದ, ಅಥವಾ ಕಾಡು ಕೆಸರಿನ ನಂಟಿರುವ ಜ್ವರಕ್ಕೆ ಮೊದಲ ದಿನವೇ ಆದರೂ ಪಿಎಚ್‌ಸಿ. ಎರಡು ವಾರ ದಾಟಿದ ಕೆಮ್ಮಿಗೂ ಪಿಎಚ್‌ಸಿಯೇ. ಕಫದ ಪರೀಕ್ಷೆ, ಟಿಬಿ ಔಷಧಿ ಎಲ್ಲ ಉಚಿತ, ಚಿಕಿತ್ಸೆ ಮುಗಿಯುವ ತನಕ ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1000 ರೂಪಾಯಿ ಖಾತೆಗೆ ಬರುತ್ತದೆ.

ಶುಗರ್, ಬಿಪಿ

ಇಲ್ಲಿ ಆಸ್ಪತ್ರೆಯ ಹೆಸರಿಗಿಂತ ಬಿಡದೆ ಹೋಗುವುದು ಮುಖ್ಯ. ಪಿಎಚ್‌ಸಿಯಲ್ಲಿ ಮಾತ್ರೆ ಪುಕ್ಕಟೆ, ಬಿಪಿ ನೋಡುತ್ತಾರೆ. ಕೆಲವು ಸಲ ಒಂದು ಮಾತ್ರೆ ಸ್ಟಾಕ್ ಇರೋದಿಲ್ಲ. ಆಗ ನಿಲ್ಲಿಸಬೇಡಿ, ಜನೌಷಧಿ ಕೇಂದ್ರದಲ್ಲಿ ಅದೇ ಔಷಧಿ ಕಡಿಮೆ ಬೆಲೆಗೆ ಸಿಗುತ್ತದೆ. ಬ್ರ್ಯಾಂಡಿನ ಹೆಸರು ಬೇರೆ ಇರುತ್ತದೆ, ಒಳಗಿನ ಔಷಧಿಯ ಹೆಸರು, ಪ್ರಮಾಣ ಒಂದೇ ಇದೆಯಾ ನೋಡಿಕೊಳ್ಳಿ.

ಖಾಸಗಿ ಫಿಜಿಷಿಯನ್ ಯಾರಿಗೆ ಬೇಕು? ಮೂರು ಮಾತ್ರೆ ತಗೊಂಡರೂ ಬಿಪಿ 140/90ಕ್ಕಿಂತ ಇಳಿಯದವರಿಗೆ, ಇನ್ಸುಲಿನ್ ಶುರು ಮಾಡಬೇಕಾದವರಿಗೆ, ಕಿಡ್ನಿಗೆ ತೊಂದರೆ ಬಂದವರಿಗೆ. ಅದೂ ಆರು ತಿಂಗಳಿಗೊಮ್ಮೆ ಅವರನ್ನು ಕಂಡು, ಮಧ್ಯೆ ಪಿಎಚ್‌ಸಿಯಲ್ಲಿ ಮಾತ್ರೆ ತಗೊಂಡರೆ ಎರಡರ ಲಾಭವೂ ಸಿಗುತ್ತದೆ. ಜಿಲ್ಲಾ ಆಸ್ಪತ್ರೆಯಲ್ಲೂ ಫಿಜಿಷಿಯನ್ ಇದ್ದಾರೆ, ಸಾಲು ಉದ್ದ ಅಷ್ಟೇ. ಎಲ್ಲಿ ತೋರಿಸಿದರೂ ಮೂರು ತಿಂಗಳ ಶುಗರಿನ ಸರಾಸರಿ ಹೇಳುವ ಎಚ್‌ಬಿಎ1ಸಿ, ವರ್ಷಕ್ಕೊಮ್ಮೆ ಕಣ್ಣು, ಪಾದ, ಮೂತ್ರದ ಪರೀಕ್ಷೆ ಕೇಳಿ ಮಾಡಿಸಿ. ಹಳೆಯ ಚೀಟಿ ತೋರಿಸಿ ಮೆಡಿಕಲ್‌ನಲ್ಲಿ ಅದೇ ಮಾತ್ರೆ ವರ್ಷಗಟ್ಟಲೆ ತರುವುದು ಮಾತ್ರ ಬೇಡ.

ಕಾದು ಮಾಡಿಸಬಹುದಾದ ಆಪರೇಷನ್

ಪಿತ್ತಕೋಶದ ಕಲ್ಲು, ಹರ್ನಿಯಾ, ಗರ್ಭಕೋಶ, ಮಂಡಿ. ಇವುಗಳಿಗೆ ಹೊತ್ತಿದೆ, ಹಾಗಾಗಿ ಇಲ್ಲಿ ಮಾತ್ರ ನಾಲ್ಕು ಕಡೆ ವಿಚಾರಿಸಿ ಆರಿಸಬಹುದು.

2006ರಲ್ಲಿ ಶುರುವಾದ ಹಿಮ್ಸ್, ಈಚೆಗೆ ಶುರುವಾದ ಚಿಕ್ಕಮಗಳೂರಿನ ವೈದ್ಯಕೀಯ ಕಾಲೇಜು ಇವೆರಡೂ ಸರ್ಕಾರಿ. ಖರ್ಚು ಕಡಿಮೆ, ಕಲಿಸುವ ಡಾಕ್ಟರುಗಳು ಇರುತ್ತಾರೆ. ಆದರೆ ದಿನಾಂಕ ಸಿಗೋದು ನಿಧಾನ, ಜೊತೆಗೆ ಓಡಾಡೋಕೆ ಒಬ್ಬರು ಬೇಕೇ ಬೇಕು. ಮಂಗಳೂರು, ಮಣಿಪಾಲದಲ್ಲಿ ಬೇಗ ಆಗುತ್ತದೆ, ಅಪರೂಪದ ಕಾಯಿಲೆಗೂ ತಜ್ಞರಿದ್ದಾರೆ. ಅಲ್ಲಿ ಬಿಲ್ಲಿನ ಜೊತೆ ರೂಮು, ಊಟ, ಗಾಡಿ, ಮನೆಯವರ ರಜೆ ಎಲ್ಲ ಸೇರಿಸಿ ಲೆಕ್ಕ ಹಾಕಿ. ಮಂಡಿ ಆಪರೇಷನ್ ಆದವರಿಗೆ ವಾರಗಟ್ಟಲೆ ಫಿಸಿಯೋಥೆರಪಿ ಬೇಕು. ಘಾಟಿ ಇಳಿದು ಹತ್ತಿ ಅದನ್ನು ಮಾಡಿಸೋಕೆ ಆಗುವುದಿಲ್ಲ. ಮಾಡುವವರು ಹತ್ತಿರದಲ್ಲಿ ಇದ್ದಾರಾ ಅಂತ ಆಪರೇಷನ್‌ಗೆ ಒಪ್ಪುವ ಮುಂಚೆ ಕೇಳಿ.

ಕಾರ್ಡುಗಳಲ್ಲಿ ಗೊಂದಲ ಮಾಡಿಕೊಳ್ಳಬೇಡಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜಿನ 30 ಶೇಕಡಾ ಸರ್ಕಾರ ಕೊಡುತ್ತದೆ, ವರ್ಷಕ್ಕೆ 1.5 ಲಕ್ಷದವರೆಗೆ. ತುರ್ತು ಅಲ್ಲದ ಚಿಕಿತ್ಸೆಗೆ ಖಾಸಗಿಗೆ ಹೋಗಬೇಕಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಇದನ್ನು ತಿಳಿಯದೆ ನೇರ ಮಂಗಳೂರಿಗೆ ಹೋಗಿ, ಅಲ್ಲಿಂದ ಚೀಟಿಗೆ ವಾಪಸ್ ಬಂದವರು ಬೇಕಾದಷ್ಟು. ತುರ್ತಿಗೆ ಚೀಟಿ ಬೇಡ. ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಆರೋಗ್ಯ ಯೋಜನೆ ಇದೆ, ಅದಕ್ಕೆ ನೋಂದಣಿ ಕೆಲವು ತಿಂಗಳು ಮಾತ್ರ ತೆರೆದಿರುತ್ತದೆ. ಸೊಸೈಟಿಯಲ್ಲಿ ವಿಚಾರಿಸಿ, ಕಾಯಿಲೆ ಬಂದಮೇಲೆ ಆಗುವ ಕೆಲಸ ಅಲ್ಲ. ಮಣಿಪಾಲದ ಆರೋಗ್ಯ ಕಾರ್ಡ್ ರಿಯಾಯಿತಿಯ ಕಾರ್ಡು, ವಿಮೆ ಅಲ್ಲ. ಪೂರ್ತಿ ಬಿಲ್ಲು ಅದು ಕಟ್ಟುತ್ತದೆ ಅಂತ ನಂಬಿ ಹೋಗಬೇಡಿ.

108ಕ್ಕೆ ಕಾಯಬೇಕಾ, ಜೀಪಿನಲ್ಲಿ ಹೊರಡಬೇಕಾ?

108 ಆಂಬುಲೆನ್ಸ್ ಪುಕ್ಕಟೆ, ಆಕ್ಸಿಜನ್ ಇರುತ್ತದೆ, ಜೊತೆಗೆ ತರಬೇತಿ ಆದವರು ಇರುತ್ತಾರೆ. ಮೊದಲು ಅದಕ್ಕೇ ಫೋನ್ ಮಾಡಿ, ಗಾಡಿ ಈಗ ಎಲ್ಲಿದೆ ಅಂತ ಕೇಳಿ. ಇಪ್ಪತ್ತು ನಿಮಿಷದೊಳಗೆ ಬರುತ್ತದೆ ಅಂದರೆ ಕಾಯಿರಿ. ಅದಕ್ಕಿಂತ ತಡ ಅಂದರೆ ಎಸ್ಟೇಟಿನ ಜೀಪಿನಲ್ಲಿ ಹೊರಟು, ಡಾಂಬರು ರಸ್ತೆಯಲ್ಲಿ ಎದುರಾಗುವ ಜಾಗ ಫೋನಿನಲ್ಲೇ ಮಾತಾಡಿಕೊಳ್ಳಿ. ಕೊಟ್ಟಿಗೆಹಾರದ ಸರ್ಕಲ್, ಯಾವುದೋ ಬಸ್ ಸ್ಟಾಪು, ಎಲ್ಲರಿಗೂ ಗೊತ್ತಿರುವ ಗುರುತು ಹೇಳಿ. ತೋಟದ ಹೆಸರು ಒಂದೇ ಹೇಳಿದರೆ ಅವರಿಗೆ ದಾರಿ ಸಿಗೋದಿಲ್ಲ.

ನಿಮ್ಮ ಮನೆಯಲ್ಲಿ ಎಲ್ಲಿ ಸಿಗ್ನಲ್ ಬರುತ್ತದೆ ಅನ್ನೋದು ವಯಸ್ಸಾದವರಿಗೂ ಮಕ್ಕಳಿಗೂ ಗೊತ್ತಿರಲಿ. ರೇಷನ್ ಕಾರ್ಡ್, ಆಧಾರ್, ಹಳೆಯ ಇಸಿಜಿ, ಈಗ ತಗೊಳ್ಳುತ್ತಿರುವ ಮಾತ್ರೆಗಳ ಪಟ್ಟಿ ಒಂದೇ ಕವರಿನಲ್ಲಿ ಇಡಿ. ಹಳೆಯ ಇಸಿಜಿಯಂತೂ ತುಂಬಾ ಉಪಯೋಗ, ಹೊಸದರ ಜೊತೆ ಇಟ್ಟು ನೋಡಿದರೆ ಡಾಕ್ಟರಿಗೆ ಬದಲಾವಣೆ ತಕ್ಷಣ ಗೊತ್ತಾಗುತ್ತದೆ. ಎಲ್ಲಿಗೆ ಹೋಗಬೇಕು ಅಂತ ಗೊತ್ತಾಗದ, ಆದರೆ ತುರ್ತೂ ಅಲ್ಲದ ವಿಷಯಕ್ಕೆ ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಿ ಸಲಹೆ ಕೊಡುತ್ತಾರೆ.